ಕಲ್ಲಿಂದ ಮೂಳೆಯ ವಯಸ್ಸೋ, ಮೂಳೆಯಿಂದ ಕಲ್ಲಿನ ವಯಸ್ಸೋ?

ಪಿಯು_ಮೇಷ್ಟ್ರು · ಭಾನುವಾರ ರಾತ್ರಿ 9:12

ನಮಸ್ಕಾರ. ದ್ವಿತೀಯ ಪಿಯುಸಿಗೆ ಜೀವಶಾಸ್ತ್ರ ಪಾಠ ಮಾಡ್ತೀನಿ. ಶುಕ್ರವಾರ ವಿಕಾಸದ ಅಧ್ಯಾಯ ಮುಗಿಸೋ ಹೊತ್ತಿಗೆ ಕೊನೇ ಬೆಂಚಿನ ಹುಡುಗಿಯೊಬ್ಬಳು ಎದ್ದಳು.

"ಸರ್, ಈ ಪಳೆಯುಳಿಕೆ 20 ಲಕ್ಷ ವರ್ಷದ್ದು ಅಂತ ಹೇಗೆ ಗೊತ್ತು?"
"ಅದು ಸಿಕ್ಕಿದ ಕಲ್ಲಿನ ಪದರದಿಂದಮ್ಮ."
"ಆ ಪದರ ಅಷ್ಟು ಹಳೇದು ಅಂತ?"
"ಅದರಲ್ಲಿರೋ ಪಳೆಯುಳಿಕೆಗಳಿಂದ."

ಮಾತು ಬಾಯಿಂದ ಬಿದ್ದ ಮೇಲೆ ನನಗೇ ಹೊಳೀತು. ಇಡೀ ಕ್ಲಾಸು ನಕ್ಕಿತು. ಪುಣ್ಯಕ್ಕೆ ಬೆಲ್ ಆಯ್ತು. ಸೋಮವಾರ ಹೇಳ್ತೀನಿ ಅಂತ ಬಂದಿದ್ದೀನಿ, ನಾಳೆನೇ ಸೋಮವಾರ.

ಅರ್ಧಾಯು, ಯುರೇನಿಯಂ, ಸೀಸ ಎಲ್ಲ ನನಗೂ ಬರುತ್ತೆ, ಪರೀಕ್ಷೆಗೆ ಬೇಕಾದಷ್ಟು. ನಿಜವಾದ ಒಂದು ಮೂಳೆಗೆ ನಿಜವಾಗಿ ಹೇಗೆ ವಯಸ್ಸು ಕಟ್ಟುತ್ತಾರೆ, ಆ ಸಂಖ್ಯೆ ಹೆಚ್ಚು ಕಮ್ಮಿಯಾದರೆ ವಿಕಾಸದ ಕಥೆಯಲ್ಲಿ ಏನು ಬದಲಾಗುತ್ತೆ, ಅದು ಬೇಕು. ತಿಳಿದವರು ಒಂದು ಉದಾಹರಣೆಯನ್ನಾದರೂ ಬುಡದಿಂದ ಹೇಳಿ.

ತಲೆಹರಟೆ · 9:20

ಕಾರ್ಬನ್ ಡೇಟಿಂಗ್ ಮಾಡ್ತಾರೆ ಅಂತ ಹೇಳಿ ಕೂರಿಸಿಬಿಡಿ ಸಾರ್. ಟಿವಿಯವರು ಡೈನೋಸಾರಿಗೂ ಅದೇ ಹೇಳೋದು.

ಕಗ್ಗಲ್ಲು · 9:58

ಅದೇ ಹೇಳಿದರೆ ಆ ಹುಡುಗಿ ಮತ್ತೆ ಎದ್ದು ನಿಲ್ತಾಳೆ. ಕಾರ್ಬನ್-14ರ ಅರ್ಧಾಯು, ಅಂದರೆ ಇದ್ದದ್ದರಲ್ಲಿ ಅರ್ಧ ಸವೆಯೋಕೆ ಬೇಕಾದ ಕಾಲ, 5,730 ವರ್ಷ. ಸುಮಾರು 50 ಸಾವಿರ ವರ್ಷ ದಾಟಿದರೆ ಅಳೆಯೋಕೆ ಉಳಿಯೋದೇ ಇಲ್ಲ. ಡೈನೋಸಾರಿಗೆ ಕಾರ್ಬನ್ ಡೇಟಿಂಗ್ ಅಂದರೆ ಅಡಿಗೆಮನೆ ತಕ್ಕಡಿಯಲ್ಲಿ ಲಾರಿ ತೂಗಿದ ಹಾಗೆ.

ಮೇಷ್ಟ್ರೇ, ನೀವು ಸಿಕ್ಕಿಹಾಕಿಕೊಂಡಿದ್ದು ಎರಡು ಬೇರೆ ಕೆಲಸಗಳನ್ನ ಒಂದೇ ಉಸಿರಿನಲ್ಲಿ ಹೇಳಿದ್ದಕ್ಕೆ. ಯಾವುದು ಮೊದಲು, ಯಾವುದು ಆಮೇಲೆ ಅನ್ನೋದು ಒಂದು. ಎಷ್ಟು ವರ್ಷ ಅನ್ನೋದು ಇನ್ನೊಂದು.

ಮನೆಯಲ್ಲಿ ರದ್ದಿ ಪೇಪರ್ ರಾಶಿ ಹಾಕಿರ್ತೀರಿ. ತಾರೀಕು ಹರಿದು ಹೋಗಿದ್ದರೂ ಕೆಳಗಿನದು ಹಳೇದು ಅಂತ ಗೊತ್ತು. ಇಂಗ್ಲೆಂಡಿನಲ್ಲಿ ಕಾಲುವೆ ತೋಡಿಸುತ್ತಿದ್ದ ಸರ್ವೇಯರ್ ವಿಲಿಯಂ ಸ್ಮಿತ್ ಕಂಡಿದ್ದು ಇಷ್ಟೇ: ಎಲ್ಲಿ ಅಗೆದರೂ ಪಳೆಯುಳಿಕೆಗಳು ಒಂದೇ ಸರದಿಯಲ್ಲಿ ಬರುತ್ತವೆ. ಅವನು ತನ್ನ ನಕ್ಷೆ ಅಚ್ಚು ಹಾಕಿಸಿದ್ದು 1815ರಲ್ಲಿ, ಡಾರ್ವಿನ್ ಪುಸ್ತಕ ಬಂದಿದ್ದು 1859ರಲ್ಲಿ. ಅಂದರೆ ಈ ಸರದಿ ಕಟ್ಟಿದವರಿಗೆ ವಿಕಾಸವಾದವನ್ನ ಗೆಲ್ಲಿಸಬೇಕು ಅನ್ನೋ ಹಟ ಇರಲಿಲ್ಲ, ಡಾರ್ವಿನ್ ವಾದವೇ ಇನ್ನೂ ಇರಲಿಲ್ಲ. ಅವರಿಗೆ ಬೇಕಿದ್ದದ್ದು ಕಾಲುವೆ ಮತ್ತು ಕಲ್ಲಿದ್ದಲು.

ವರ್ಷಗಳ ಲೆಕ್ಕ ಬಂದಿದ್ದು ವಿಕಿರಣಶೀಲತೆ ಗೊತ್ತಾದ ಮೇಲೆ, 20ನೇ ಶತಮಾನದಲ್ಲಿ. ಅದಕ್ಕೂ ಮುಂಚೆ ಡಾರ್ವಿನ್ ತಾನೇ ಒಂದು ಲೆಕ್ಕ ಹಾಕಿ ಕೈ ಸುಟ್ಟುಕೊಂಡಿದ್ದ. ದಕ್ಷಿಣ ಇಂಗ್ಲೆಂಡಿನ ವೀಲ್ಡ್ ಕಣಿವೆ ಸವೆಯೋಕೆ 30 ಕೋಟಿ ವರ್ಷ ಬೇಕಾಗಿರಬೇಕು ಅಂತ ಮೊದಲ ಮುದ್ರಣದಲ್ಲಿ ಬರೆದ. ಎಲ್ಲರೂ ಮೈಮೇಲೆ ಬಿದ್ದರು, ಮೂರನೇ ಮುದ್ರಣದಲ್ಲಿ ತೆಗೆದುಹಾಕಿದ.

ಹಾಗಾಗಿ ಸರದಿಗೆ ಪಳೆಯುಳಿಕೆ ಬೇಕು, ಸಂಖ್ಯೆಗೆ ಬೇಡ. ಸಂಖ್ಯೆ ಬರೋದು ಮೇಲೆ ಕೆಳಗೆ ಇರೋ ಲಾವಾ, ಬೂದಿ, ಗುಹೆಯ ಸುಣ್ಣದ ಪದರ, ಇಂಥವುಗಳ ಪರಮಾಣುಗಳಿಂದ.

ಅನುಮಾನದ_ಹುತ್ತ · 10:31

ಕಗ್ಗಲ್ಲು ಅವರು ಹೇಳೋದು ಕೇಳೋಕೆ ಚೆನ್ನಾಗಿದೆ. ನಾನು ವಿಕಾಸವಾದದ ವಿರೋಧಿ ಅಲ್ಲ, ಮೊದಲೇ ಹೇಳಿಬಿಡ್ತೀನಿ, ಆಮೇಲೆ ಜಗಳ ಬೇಡ. ಆದರೆ ಎರಡು ಪ್ರಶ್ನೆ.

ಜೀವಂತ ಬಸವನಹುಳುವಿನ ಚಿಪ್ಪಿಗೆ ಕಾರ್ಬನ್ ಡೇಟಿಂಗ್ ಮಾಡಿದಾಗ ಸಾವಿರಾರು ವರ್ಷ ಬಂತು, ಇದು ಪ್ರಕಟವಾದ ಸಂಗತಿ. ಇನ್ನೊಂದು, ಕೀನ್ಯಾದ ಒಂದೇ ಬೂದಿಯ ಪದರಕ್ಕೆ ಮೊದಲು 20 ಕೋಟಿಗೂ ಮೇಲೆ, ಆಮೇಲೆ 26 ಲಕ್ಷ, ಆಮೇಲೆ 18 ಲಕ್ಷ ಅಂತ ಹೇಳಿದ್ದಾರೆ. ಹಂದಿ ಹಲ್ಲಿಗೆ ಹೊಂದಲಿಲ್ಲ ಅಂತ ಬದಲಾಯಿಸಿದರಂತೆ. ಹಾಗಾದರೆ ಆ ಹುಡುಗಿ ಕೇಳಿದ್ದು ಸರಿಯೇ ಇದೆಯಲ್ಲ? ಕಲ್ಲಿನ ವಯಸ್ಸನ್ನ ಪಳೆಯುಳಿಕೆಗೆ ತಕ್ಕ ಹಾಗೆ ತಿದ್ದಿದರು ತಾನೆ?

ಕಗ್ಗಲ್ಲು · 10:44

ಬಸವನಹುಳುವಿಗೆ ಒಂದೇ ಸಾಲು. ಸುಣ್ಣಕಲ್ಲು ಕರಗಿದ ನೀರಿನಲ್ಲಿರೋ ಇಂಗಾಲದಲ್ಲಿ ಕಾರ್ಬನ್-14 ಸತ್ತು ಕೋಟ್ಯಂತರ ವರ್ಷ ಆಗಿರುತ್ತೆ. ಹುಳು ಅದನ್ನೇ ಹೀರಿ ಚಿಪ್ಪು ಕಟ್ಟಿಕೊಳ್ಳುತ್ತೆ, ಹಾಗಾಗಿ ಹುಟ್ಟುವಾಗಲೇ ಮುದಿ. 1960ರ ದಶಕದಿಂದ ಗೊತ್ತಿರೋ ತೊಂದರೆ, ಅಂಥ ನೀರಿನ ಚಿಪ್ಪನ್ನ ತಿದ್ದುಪಡಿ ಇಲ್ಲದೆ ಯಾರೂ ನಂಬಲ್ಲ.

ಬೂದಿಯ ಕಥೆ ದೊಡ್ಡದು. ಆರ್ಗಾನ್ ಅಕ್ಕ ಇದ್ದರೆ ಅವರೇ ಹೇಳಲಿ, ಅವರ ಹೊಟ್ಟೆಪಾಡೇ ಅದು.

ಆರ್ಗಾನ್_ಅಕ್ಕ · ಸೋಮವಾರ ಬೆಳಗಿನ ಜಾವ 4:50 (ಇಲ್ಲಿ ಸಂಜೆ)

ಇದ್ದೀನಿ. ಹುತ್ತ ಅವರು ಕೇಳಿದ್ದು ಒಳ್ಳೆ ಪ್ರಶ್ನೆ, ನಾನು ಓದುವಾಗ ನಮ್ಮ ಪ್ರೊಫೆಸರು ಮೊದಲ ತರಗತಿಯಲ್ಲೇ ಹೇಳಿದ ಕಥೆ ಇದು. ಸ್ವಲ್ಪ ಉದ್ದ ಆಗುತ್ತೆ, ಕಾಫಿ ಮಾಡಿಕೊಂಡು ಕೂತ್ಕೊಳಿ.

ಕೀನ್ಯಾದ ತುರ್ಕಾನಾ ಸರೋವರದ ಪೂರ್ವ ದಂಡೆ, ಕೂಬಿ ಫೋರಾ. 1969ರಲ್ಲಿ ಕೇ ಬೆರೆನ್ಸ್‌ಮೇಯರ್ ಅನ್ನೋ ಭೂವಿಜ್ಞಾನಿಗೆ ಜ್ವಾಲಾಮುಖಿ ಬೂದಿಯ ಒಂದು ಪದರದಲ್ಲಿ ಕಲ್ಲಿನ ಆಯುಧಗಳು ಸಿಕ್ಕವು. ಅವರ ಹೆಸರಿಗೆ 'ಸೈಟ್' ಸೇರಿಸಿ, ಮೊದಲಕ್ಷರಗಳಿಂದಲೇ ಆ ಪದರಕ್ಕೆ ಕೆಬಿಎಸ್ ಬೂದಿ ಅಂತ ಹೆಸರು. ಅಲ್ಲಿನ ತಂಡದ ಮುಖ್ಯಸ್ಥ ರಿಚರ್ಡ್ ಲೀಕಿ ಬೂದಿಯನ್ನ ಇಂಗ್ಲೆಂಡಿನ ಫಿಚ್ ಮತ್ತು ಮಿಲ್ಲರ್ ಅವರಿಗೆ ಕಳಿಸಿದರು.

ವಿಧಾನ ಏನು ಅಂತ ಮೊದಲು. ಪೊಟ್ಯಾಸಿಯಂ-40 ನಿಧಾನವಾಗಿ ಸವೆಯುತ್ತೆ, ಅದರಲ್ಲಿ ಒಂದು ಪಾಲು ಆರ್ಗಾನ್-40 ಆಗುತ್ತೆ, ಅರ್ಧಾಯು 125 ಕೋಟಿ ವರ್ಷ. ಆರ್ಗಾನ್ ಅನಿಲ. ಶಿಲೆ ಕರಗಿ ಕುದಿಯುವಾಗ ಅದು ಹೊರಗೆ ಹೋಗಿಬಿಡುತ್ತೆ, ಕುಕ್ಕರ್ ಮುಚ್ಚಳ ತೆಗೆದಾಗ ಹಬೆ ಹೋದ ಹಾಗೆ. ಹರಳು ಗಟ್ಟಿಯಾದ ದಿನ ಮುಚ್ಚಳ ಬಿತ್ತು. ಅಲ್ಲಿಂದ ಮುಂದೆ ಒಳಗೆ ಹುಟ್ಟಿದ ಆರ್ಗಾನ್ ಒಳಗೇ ಇರುತ್ತೆ. ಎಷ್ಟು ಕೂಡಿದೆ ಅಂತ ಅಳೆದರೆ ಮುಚ್ಚಳ ಬಿದ್ದು ಎಷ್ಟು ಕಾಲ ಆಯ್ತು ಅಂತ ಗೊತ್ತಾಗುತ್ತೆ. ಗಮನಿಸಿ, ಇಲ್ಲಿ ಮೂಳೆಯ ಸುದ್ದಿಯೇ ಇಲ್ಲ.

ಮೊದಲ ಮಾದರಿಗೆ ಬಂದ ಉತ್ತರ 21ರಿಂದ 23 ಕೋಟಿ ವರ್ಷ! ಫಿಚ್ ಮತ್ತು ಮಿಲ್ಲರ್ ಅವರೇ ಇದು ಆಗಲ್ಲ ಅಂದರು. ಯಾಕೆ ಅಂದರೆ ಕೆಬಿಎಸ್ ಬೂದಿ ಆಕಾಶದಿಂದ ನೇರವಾಗಿ ಬಿದ್ದು ಕೂತ ಬೂದಿ ಅಲ್ಲ. ಹೊಳೆ ಅದನ್ನ ಹೊತ್ತು ತಂದು ಹರವಿದೆ, ದಾರಿಯಲ್ಲಿ ಸಿಕ್ಕ ಹಳೇ ಬಂಡೆಗಳ ಪುಡಿಯನ್ನೂ ಬೆರೆಸಿದೆ. ಹೊಸ ಅಕ್ಕಿ ಮೂಟೆಗೆ ಹಳೇ ಅಕ್ಕಿ ಒಂದು ಹಿಡಿ ಬಿದ್ದ ಹಾಗೆ. ವಯಸ್ಸಿನ ಲೆಕ್ಕದಲ್ಲಿ ಆ ಒಂದು ಹಿಡಿಯೇ ಇಡೀ ಮೂಟೆಯನ್ನ ಕೆಡಿಸುತ್ತೆ. ಹೊಸ ಮಾದರಿ ತರಿಸಿ, ಹರಳುಗಳನ್ನ ಆರಿಸಿ, ಮತ್ತೆ ಅಳೆದರು. 26 ಲಕ್ಷ ಬಂತು. 1970ರಲ್ಲಿ ಪ್ರಕಟವಾಯ್ತು.

ಈಗ 1972. ಅದೇ ತಂಡದ ಬರ್ನಾರ್ಡ್ ನಗೇನಿಯೋ ಅವರಿಗೆ ಆ ಬೂದಿಗಿಂತ ಕೆಳಗಿನ ಮಣ್ಣಿನಲ್ಲಿ ಚೂರು ಚೂರಾದ ತಲೆಬುರುಡೆ ಸಿಕ್ಕಿತು. ಕ್ರಮಸಂಖ್ಯೆ 1470. ಜೋಡಿಸಿ ನೋಡಿದರೆ ಮಿದುಳಿನ ಜಾಗ ಸುಮಾರು 750 ಘನ ಸೆಂಟಿಮೀಟರ್, ಆಸ್ಟ್ರಲೋಪಿಥೆಕಸ್‌ಗಳಿಗಿಂತ ಎಷ್ಟೋ ದೊಡ್ಡದು. ಬೂದಿಯೇ 26 ಲಕ್ಷ ಅಂದ ಮೇಲೆ ಕೆಳಗಿರೋ ಬುರುಡೆ ಇನ್ನೂ ಹಳೇದು, 29 ಲಕ್ಷ ಅಂದರು. ಇದರ ಅರ್ಥ ಏನು? ದೊಡ್ಡ ಮಿದುಳಿನ ಹೋಮೋ, ಅಂದರೆ ನಮ್ಮದೇ ಕುಲ, ಅಷ್ಟು ಹಿಂದೆಯೇ ಇದ್ದರೆ, ನಮ್ಮ ಪೂರ್ವಜ ಅಂತ ಎಲ್ಲರೂ ಹೇಳುತ್ತಿದ್ದ ಆಸ್ಟ್ರಲೋಪಿಥೆಕಸ್ ಪೂರ್ವಜ ಅಲ್ಲ, ಪಕ್ಕದ ಕೊಂಬೆ. ಇಡೀ ವಂಶವೃಕ್ಷ ತಿರುಗಿಸಿ ಬರೀಬೇಕು. ಬುರುಡೆ ಬದಲಾಗಿರಲಿಲ್ಲ, ಅದರ ಪಕ್ಕದ ಸಂಖ್ಯೆ ಮಾತ್ರ ಇಷ್ಟು ಮಾಡಿತು.

ಇಲ್ಲಿ ಹಂದಿ ಬರುತ್ತೆ. ಉತ್ತರಕ್ಕೆ ಇಥಿಯೋಪಿಯಾದ ಓಮೊ ಕಣಿವೆಯಲ್ಲೂ ಪದರಗಳಿವೆ. ಬೇಸಿಲ್ ಕುಕ್ ಅನ್ನೋ ವಿಜ್ಞಾನಿ ಕಾಡುಹಂದಿ ಪಳೆಯುಳಿಕೆಗಳ ಮೇಲೆ ಕೆಲಸ ಮಾಡುತ್ತಿದ್ದರು. ಆ ಹಂದಿಗಳ ಮೂರನೇ ದವಡೆ ಹಲ್ಲು ಕಾಲ ಸರಿದ ಹಾಗೆ ಉದ್ದವಾಗುತ್ತಾ, ಎತ್ತರವಾಗುತ್ತಾ ಹೋಗುತ್ತೆ. ಕೂಬಿ ಫೋರಾದಲ್ಲಿ ಕೆಬಿಎಸ್ ಬೂದಿಯ ಕೆಳಗೆ ಸಿಕ್ಕ ಹಂದಿ ಹಲ್ಲು ಓಮೊದ ಸುಮಾರು 20 ಲಕ್ಷ ವರ್ಷದ ಪದರದ ಹಲ್ಲಿಗೆ ಸರಿಹೊಂದಿತು, 26 ಲಕ್ಷದ್ದಕ್ಕೆ ಅಲ್ಲ. ಎರಡು ಜಾಗದ ನಡುವೆ ಹಂದಿ ಓಡಾಡೋಕೆ ಅಡ್ಡಿ ಏನೂ ಇಲ್ಲ. ಒಂದು ಕಡೆ ಹಂದಿ ಆರು ಲಕ್ಷ ವರ್ಷ ಮುಂದೆ, ಇನ್ನೊಂದು ಕಡೆ ಹಿಂದೆ, ಹೇಗೆ ಸಾಧ್ಯ?

ಹುತ್ತ ಅವರೇ, ನೀವು ಹೇಳಿದ್ದು ಇಲ್ಲಿಯವರೆಗೆ ನಿಜ. ಹಂದಿ ಅನುಮಾನ ಹುಟ್ಟಿಸಿತು. ಆದರೆ ಹಂದಿಗೆ ಹೊಂದಲಿ ಅಂತ ಯಾರೂ ಸಂಖ್ಯೆ ತಿದ್ದಲಿಲ್ಲ, ಮತ್ತೆ ಅಳೆದರು. 1975ರಲ್ಲಿ ಬರ್ಕ್ಲಿಯ ಗಾರ್ನಿಸ್ ಕರ್ಟಿಸ್ ಅವರ ಲ್ಯಾಬಿನಲ್ಲಿ 18 ಲಕ್ಷ ಮತ್ತು 16 ಲಕ್ಷ ಬಂತು, ಅದರಲ್ಲಿ 16 ಲಕ್ಷವೂ ಆಮೇಲೆ ನಿಲ್ಲಲಿಲ್ಲ. 1976ರಲ್ಲಿ ಪೂರ್ತಿ ಬೇರೆ ವಿಧಾನ, ಜಿರ್ಕಾನ್ ಹರಳಿನೊಳಗೆ ಯುರೇನಿಯಂ ಸಿಡಿದಾಗ ಆಗೋ ಗೀರುಗಳನ್ನ ಎಣಿಸೋದು. ಉತ್ತರ 24 ಲಕ್ಷ, ಹಳೇ ಕಡೆಗೇ! ಈಗ ಫಿಚ್-ಮಿಲ್ಲರ್ ಅಳತೆ ಮತ್ತು ಗೀರು ಒಂದು ಕಡೆ, ಕರ್ಟಿಸ್ ಅಳತೆ ಮತ್ತು ಹಂದಿ ಇನ್ನೊಂದು ಕಡೆ. ಜಗಳ ಜೋರಾಗಿತ್ತು, ಮಾತು ಬಿಟ್ಟವರೂ ಇದ್ದರು. 1980ರಲ್ಲಿ ಗೀರೆಣಿಕೆಯನ್ನ ಇನ್ನೂ ಜಾಗ್ರತೆಯಿಂದ ಮಾಡಿದಾಗ 18 ಲಕ್ಷ 70 ಸಾವಿರ. ಅದೇ ವರ್ಷ ಆಸ್ಟ್ರೇಲಿಯಾದ ಇಯಾನ್ ಮೆಕ್‌ಡೂಗಲ್ ಅವರ ಪೊಟ್ಯಾಸಿಯಂ-ಆರ್ಗಾನ್ ಅಳತೆ 18 ಲಕ್ಷ 90 ಸಾವಿರ. ಮುಗೀತು. 1470ಕ್ಕೆ ಈಗ ಸುಮಾರು 20 ಲಕ್ಷ ವರ್ಷ, ಹೋಮೋ ರುಡಾಲ್ಫೆನ್ಸಿಸ್ ಅಂತ ಕರೀತಾರೆ, ಆಸ್ಟ್ರಲೋಪಿಥೆಕಸ್ ತನ್ನ ಜಾಗಕ್ಕೆ ವಾಪಸ್ ಬಂತು.

ಈಗ ನಾವು ಮಾಡೋ ಕೆಲಸ ಹೇಳ್ತೀನಿ. ಬೂದಿಯೊಳಗೆ ಪ್ಯೂಮಿಸ್ ಉಂಡೆ ಇರುತ್ತೆ, ಕಾಲು ಉಜ್ಜೋ ಕಲ್ಲಿನ ಥರ, ತೂತು ತೂತು, ಹಗುರ. ಅದನ್ನ ಒಡೆದು ಒಳಗಿನ ಹರಳು ತೆಗೆದರೆ ಹೊಳೆ ಬೆರೆಸಿದ ಕಲಬೆರಕೆ ಕಮ್ಮಿ. ಸೂಕ್ಷ್ಮದರ್ಶಕದ ಕೆಳಗೆ ಚಿಮಟ ಹಿಡಿದು ಒಂದೊಂದೇ ಹರಳು ಆರಿಸಬೇಕು, ನಮ್ಮಜ್ಜಿ ಮೊರದಲ್ಲಿ ಅಕ್ಕಿ ಕಲ್ಲು ಆರಿಸಿದ ಹಾಗೆಯೇ, ಕುತ್ತಿಗೆ ನೋವೂ ಅದೇ. ಆಮೇಲೆ ಅವನ್ನ ರಿಯಾಕ್ಟರಿಗೆ ಕಳಿಸಿ, ಬಂದ ಮೇಲೆ ಒಂದೊಂದು ಹರಳನ್ನ ಲೇಸರಿನಿಂದ ಕರಗಿಸಿ ಅನಿಲ ಅಳೀತೀವಿ. ಮೊದಲು ಮೂಟೆಗಟ್ಟಲೆ ತೂಗುತ್ತಿದ್ದರು, ಈಗ ಅಗುಳು ಅಗುಳು ನೋಡ್ತೀವಿ. ನನ್ನ ಮೊದಲ ಬ್ಯಾಚಿನಲ್ಲಿ 30 ಹರಳಿನಲ್ಲಿ ಒಂದು ಮಾತ್ರ ಹತ್ತು ಪಟ್ಟು ಹಳೇದು ತೋರಿಸಿತು. ಯಂತ್ರ ಕೆಟ್ಟಿದೆ ಅಂತ ಗಾಬರಿಯಾಗಿ ಇಡೀ ದಿನ ಕಳೆದೆ. ಯಂತ್ರ ಸರಿಯಾಗಿತ್ತು, ನಾನು ಆರಿಸಿದ ಹರಳೇ ಬೇರೆ ಬಂಡೆಯದು.

ಪಿಯು_ಮೇಷ್ಟ್ರು · ಸೋಮವಾರ 6:35

ಅಕ್ಕಾ, ಹಲ್ಲುಜ್ಜೋದು ಬಿಟ್ಟು ಓದಿದೆ. ಇವತ್ತಿನ ಕ್ಲಾಸಿಗೆ ಹಂದಿ ಸಾಕು. ಸಂಜೆ ಬರ್ತೀನಿ.

ಸುರಪುರದಾಂವ · 8:10

ನಮ್ಮ ಕಡೀದೂ ಒಂದು ಮಾತು ಹೇಳ್ತೀನ್ರಿ. ಹುಣಸಗಿ ಹತ್ರ ಇಸಾಂಪುರ ಅಂತ ಊರು ಅದ, ಈಗ ಯಾದಗಿರಿ ಜಿಲ್ಲಾ. ಪುಣೆ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು 70ರ ದಶಕದಿಂದ ಆ ಕಣಿವ್ಯಾಗ ಅಡ್ಡಾಡಿ ನೂರಾರು ಕಡೆ ಹಳೇ ಕಲ್ಲಿನ ಆಯುಧ ಹುಡುಕಿದವರು. ಇಸಾಂಪುರದಾಗ ಸಿಕ್ಕಿದ್ದು ಆಗಿನ ಕಾಲದ ಕಲ್ಲಿನ ಕಾರ್ಖಾನಿನೇ ಅನ್ರಿ. ಸುಣ್ಣಕಲ್ಲಿನ ಚಪ್ಪಡಿ ಎಬ್ಬಿಸಿ, ಒಡದು, ಕೈಗೊಡ್ಲಿ ಮಾಡಿ, ಚೂರು ಅಲ್ಲೇ ಬಿಟ್ಟು ಹೋಗ್ಯಾರ. ನಾವು ಸಣ್ಣೋರಿದ್ದಾಗ ಹೊಲದಾಗ ಅಂಥ ಕಲ್ಲು ಸಿಕ್ರ ಕಾಗಿ ಹೊಡೀತಿದ್ವಿ. ಎಷ್ಟು ಲಕ್ಷ ವರ್ಷದ್ದು ಎಸೆದೀವೋ ದೇವರಿಗೇ ಗೊತ್ತು.

ಅಲ್ಲಿ ಬೂದಿ ಇಲ್ಲ, ಲಾವಾ ಇಲ್ಲ. ಹಂಗಾರ ವಯಸ್ಸು ಹೆಂಗ? ಅಲ್ಲೇ ಸಿಕ್ಕ ದನದ ಜಾತಿ ಪ್ರಾಣಿ ಹಲ್ಲಿಂದ. ಮಣ್ಣಾಗಿನ ವಿಕಿರಣದಿಂದ ಹಲ್ಲಿನ ಎನಾಮಲ್ ಒಳಗ ಎಲೆಕ್ಟ್ರಾನು ಸಿಕ್ಕಿ ಬೀಳ್ತಾವಂತ, ವರ್ಷ ಹೋದಂಗ ಹೆಚ್ಚಾಗ್ತಾವ. ಅದನ್ನ ಎಣಿಸಿದಾಗ ಸುಮಾರು 12 ಲಕ್ಷ ವರ್ಷ ಬಂತು, 2002ರಾಗ ಪ್ರಕಟ ಆತು. ಅಕ್ಕಾರ, ಅದು ಎಷ್ಟು ನಂಬೂವಂಥದ್ದು?

ಆರ್ಗಾನ್_ಅಕ್ಕ · 8:41

ಅದು ನನ್ನ ಯಂತ್ರದ ಕೆಲಸ ಅಲ್ಲ ಅಣ್ಣ, ಆದರೂ ಗೊತ್ತಿರೋಷ್ಟು. ಆ ವಿಧಾನದಲ್ಲಿ ತಲೆನೋವು ಇರೋದು ಹಲ್ಲು ಯಾವಾಗ ಯುರೇನಿಯಂ ಹೀರಿತು ಅನ್ನೋದರಲ್ಲಿ. ಹೂತ ತಕ್ಷಣ ಹೀರಿದರೆ ಒಂದು ಲೆಕ್ಕ, ನಿಧಾನವಾಗಿ ಹೀರುತ್ತಾ ಬಂದಿದ್ದರೆ ಇನ್ನೊಂದು. ಹಾಗಾಗಿ ಅಂಚು ಅಗಲ. ಆದರೆ ತಮಿಳುನಾಡಿನ ಅತ್ತಿರಂಪಾಕ್ಕಂನಲ್ಲಿ ಇದೇ ಥರದ ಕೈಗೊಡಲಿಗಳಿಗೆ ಬೇರೆಯದೇ ವಿಧಾನದಲ್ಲಿ, ಕಲ್ಲು ಹೂತುಹೋಗಿ ಆಕಾಶದ ಕಿರಣ ತಾಗದೆ ಎಷ್ಟು ಕಾಲವಾಯ್ತು ಅಂತ ಅಳೆದು, 2011ರಲ್ಲಿ ಸುಮಾರು 15 ಲಕ್ಷ ಅಂದರು. ಇಬ್ಬರು ಸಾಕ್ಷಿಗಳಿಗೆ ಒಬ್ಬರ ಪರಿಚಯ ಒಬ್ಬರಿಗಿಲ್ಲ, ಹೇಳಿಕೆ ಮಾತ್ರ ಹತ್ತಿರ ಹತ್ತಿರ. ನನಗೆ ಅದು ತೂಕದ ಮಾತು.

ಕಾಗೆಗೆ ಎಸೆದಿದ್ದು ಮಾತ್ರ ಓದಿ ಹೊಟ್ಟೆ ಉರೀತು.

ಕೆರೆಮೀನು · 1:15 (ಊಟದ ಬಿಡುವು)

ಇಸಾಂಪುರದಲ್ಲಿ ಮನುಷ್ಯರ ಮೂಳೆ ಸಿಕ್ಕಿಲ್ಲ ಅನ್ನೋದನ್ನೂ ಸೇರಿಸಿ. ಹಾಗಾಗಿ 12 ಲಕ್ಷ ಅನ್ನೋದು ಯಾರೋ ಇದ್ದರು ಅಂತ ಹೇಳುತ್ತೆ, ಯಾವ ಪ್ರಭೇದ ಅಂತ ಹೇಳಲ್ಲ.

ಮೇಷ್ಟ್ರ ಎರಡನೇ ಪ್ರಶ್ನೆಯನ್ನ ಯಾರೂ ಮುಟ್ಟಿಲ್ಲ. ವಯಸ್ಸು ಗೊತ್ತಾದರೆ ಹೊಸ ಪ್ರಭೇದ ಹುಟ್ಟಿದ್ದರ ಬಗ್ಗೆ ಏನು ಗೊತ್ತಾಗುತ್ತೆ?

ಎಲ್ಲಕ್ಕಿಂತ ಮೊದಲು, ಯಾರು ಯಾರ ಜೊತೆ ಬದುಕಿದ್ದರು ಅನ್ನೋದು. ಹಳೇ ಪುಸ್ತಕದಲ್ಲಿ ಹೋಮೋ ಹ್ಯಾಬಿಲಿಸ್ ಮೆಲ್ಲಗೆ ಹೋಮೋ ಎರೆಕ್ಟಸ್ ಆಯ್ತು, ಅದು ನಾವಾದೆವು ಅಂತ ಮೆಟ್ಟಿಲು ಮೆಟ್ಟಿಲಾಗಿ ಇರುತ್ತಿತ್ತು. 2007ರಲ್ಲಿ ಅದೇ ತುರ್ಕಾನಾ ದಂಡೆಯ ಇಲೆರೆಟ್‌ನಿಂದ ಹ್ಯಾಬಿಲಿಸ್‌ನ ಒಂದು ದವಡೆ ಪ್ರಕಟವಾಯ್ತು, ವಯಸ್ಸು 14 ಲಕ್ಷ 40 ಸಾವಿರ. ಜೊತೆಗೆ ಎರೆಕ್ಟಸ್ ಬುರುಡೆ, 15 ಲಕ್ಷ 50 ಸಾವಿರ. ಎರೆಕ್ಟಸ್ ಅದಕ್ಕೂ ಎಷ್ಟೋ ಮೊದಲೇ ಇತ್ತು. ಅಂದರೆ ಇಬ್ಬರೂ ಒಂದೇ ಸರೋವರದ ಅಕ್ಕಪಕ್ಕ ಸುಮಾರು ಐದು ಲಕ್ಷ ವರ್ಷ ಬಾಳಿದ್ದಾರೆ. ಪೂರ್ತಿ ಹ್ಯಾಬಿಲಿಸ್ ಸಮುದಾಯವೇ ಎರೆಕ್ಟಸ್ ಆಗಿ ಬದಲಾಗಿದ್ದರೆ ಹ್ಯಾಬಿಲಿಸ್ ಉಳಿಯೋಕೆ ಹೇಗೆ ಸಾಧ್ಯ? ಮೆಟ್ಟಿಲು ಹೋಗಿ ಕವಲು ಬಂತು. ತಾಯಿ ಇರುವಾಗಲೇ ಮಗಳು ಬೇರೆ ಮನೆ ಮಾಡಿದ್ದಾಳೆ, ಅಥವಾ ಇಬ್ಬರೂ ಅಕ್ಕತಂಗಿಯರು. ಇದು ಮೂಳೆಯ ಆಕಾರದಿಂದ ಬಂದ ತೀರ್ಮಾನ ಅಲ್ಲ, ಶುದ್ಧ ತಾರೀಕಿನಿಂದ ಬಂದದ್ದು.

ನನಗೆ ಬಹಳ ಇಷ್ಟದ್ದು ಹೋಮೋ ನಲೇಡಿ. ದಕ್ಷಿಣ ಆಫ್ರಿಕಾದ ರೈಸಿಂಗ್ ಸ್ಟಾರ್ ಗುಹೆ, 2013. ಒಂದೂವರೆ ಸಾವಿರಕ್ಕೂ ಹೆಚ್ಚು ಮೂಳೆ ಚೂರು. 2015ರಲ್ಲಿ ಪ್ರಕಟ ಮಾಡಿದಾಗ ವಯಸ್ಸೇ ಇರಲಿಲ್ಲ! ಮಿದುಳು ಸುಮಾರು 500 ಘನ ಸೆಂಟಿಮೀಟರ್, ಕಿತ್ತಳೆ ಹಣ್ಣಿನ ಗಾತ್ರ. ನೋಡಿದ ಎಷ್ಟೋ ಜನ 20 ಲಕ್ಷ ವರ್ಷ ಇರಬಹುದು ಅಂದರು, ಯಾಕೆಂದರೆ ಸಣ್ಣ ಮಿದುಳು ಅಂದರೆ ಹಳೇದು ಅನ್ನೋ ಅಭ್ಯಾಸ. 2017ರಲ್ಲಿ ಹಲ್ಲುಗಳನ್ನೂ ಮೂಳೆಯ ಮೇಲೆ ಕಟ್ಟಿದ ಸುಣ್ಣದ ಪದರವನ್ನೂ ಅಳೆದರು. 2 ಲಕ್ಷ 36 ಸಾವಿರದಿಂದ 3 ಲಕ್ಷ 35 ಸಾವಿರ ವರ್ಷ. ಅದೇ ವರ್ಷ ಮೊರಾಕ್ಕೋದ ಜೆಬೆಲ್ ಇರ್ಹೂದ್‌ನಲ್ಲಿ ಸಿಕ್ಕ ನಮ್ಮವರೇ, ಅಂದರೆ ಆರಂಭದ ಹೋಮೋ ಸೇಪಿಯನ್ಸ್, ಸುಮಾರು 3 ಲಕ್ಷದ 15 ಸಾವಿರ ಅಂತ ಗೊತ್ತಾಯ್ತು, ಬೆಂಕಿಯಲ್ಲಿ ಸುಟ್ಟ ಚಕಮಕಿ ಕಲ್ಲಿನಿಂದ. ಒಂದೇ ಖಂಡ, ಹೆಚ್ಚು ಕಮ್ಮಿ ಒಂದೇ ಕಾಲ, ಒಬ್ಬರ ಮಿದುಳು ಇನ್ನೊಬ್ಬರದರ ಮೂರನೇ ಒಂದು ಭಾಗ. ಆಕಾರ ನೋಡಿ ವಯಸ್ಸು ಹೇಳಬೇಡಿ ಅನ್ನೋಕೆ ಇದಕ್ಕಿಂತ ಉದಾಹರಣೆ ಬೇಕಾ?

ಇನ್ನು ವೇಗದ ವಿಷಯ. 1972ರಲ್ಲಿ ಎಲ್ಡ್ರೆಜ್ ಮತ್ತು ಗೂಲ್ಡ್ ಹೇಳಿದ್ದು, ಪ್ರಭೇದಗಳು ಬಹುಕಾಲ ಹಾಗೇ ಇರುತ್ತವೆ, ಬದಲಾಗೋದು ಕವಲೊಡೆಯುವಾಗ, ಅದೂ ಭೂಮಿಯ ಲೆಕ್ಕದಲ್ಲಿ ಗಳಿಗೆಯಲ್ಲಿ. ಇದನ್ನ ಪರೀಕ್ಷಿಸೋಕೆ ಬೂದಿ ಪದರಗಳಂಥ ಗೂಟಗಳು ಬೇಕು. 1981ರಲ್ಲಿ ಪೀಟರ್ ವಿಲಿಯಮ್ಸನ್ ತುರ್ಕಾನಾದ ಬಸವನಹುಳು, ಕಪ್ಪೆಚಿಪ್ಪುಗಳನ್ನ ಪದರ ಪದರವಾಗಿ ಅಳೆದು, ಲಕ್ಷಾಂತರ ವರ್ಷ ಹಾಗೇ ಇದ್ದವು, ಸರೋವರದ ನೀರು ಇಳಿದಾಗ 5 ಸಾವಿರದಿಂದ 50 ಸಾವಿರ ವರ್ಷದೊಳಗೆ ಬದಲಾದವು ಅಂತ ತೋರಿಸಿದರು.

ಅನುಮಾನದ_ಹುತ್ತ · 2:02

ವಿಲಿಯಮ್ಸನ್ ಹೆಸರು ಹೇಳಿದ ಮೇಲೆ ಮುಂದಿನದನ್ನೂ ಹೇಳಬೇಕಲ್ಲ ಮೀನಪ್ಪ. ನೀರಿನ ಉಪ್ಪು ಬದಲಾದರೆ ಅದೇ ಹುಳುವಿನ ಚಿಪ್ಪಿನ ಆಕಾರ ಬದಲಾಗಬಹುದು, ಅದಕ್ಕೆ ಹೊಸ ಪ್ರಭೇದ ಬೇಡ ಅಂತ ಆಗಲೇ ಟೀಕೆ ಬಂತು. ಆಮೇಲೆ ಬೇರೆ ತಂಡ ಅದೇ ಪದರಗಳನ್ನ ಮತ್ತೆ ನೋಡಿ, ಹೊಸ ಚಿಪ್ಪುಗಳು ಅಲ್ಲೇ ಹುಟ್ಟಿದ್ದಲ್ಲ, ಹೊರಗಿನಿಂದ ವಲಸೆ ಬಂದವು ಅಂತಲೂ ಹೇಳಿದೆ. ತಾರೀಕು ಎಷ್ಟೇ ನಿಖರ ಇರಲಿ, ನೀವು ಬಾಗಿಲಲ್ಲಿ ನಿಂತು ಬಂದವರನ್ನ ನೋಡುತ್ತಿದ್ದೀರೋ, ಮನೆಯೊಳಗೆ ಹುಟ್ಟಿದವರನ್ನೋ, ತಾರೀಕು ಹೇಳಲ್ಲ.

ಟಿಕ್ಟಾಲಿಕ್‌ದೂ ಅದೇ. ಮೀನಿಗೂ ನೆಲದ ನಾಲ್ಕು ಕಾಲಿನ ಪ್ರಾಣಿಗೂ ನಡುವಿನ ಕೊಂಡಿ ಸಿಗಬೇಕು ಅಂತ 37.5 ಕೋಟಿ ವರ್ಷದ ಬಂಡೆ ಹುಡುಕಿಕೊಂಡು ಕೆನಡಾದ ಉತ್ತರ ತುದಿಗೆ ಹೋಗಿ ಕಾಲಿನಂಥ ರೆಕ್ಕೆಯ ಮೀನಿನ ಪಳೆಯುಳಿಕೆ ಹಿಡಿದು ತಂದರು, ಭವಿಷ್ಯ ಹೇಳಿ ಗೆದ್ದರು ಅಂತ ಎಲ್ಲ ಕುಣಿದರು. 2010ರಲ್ಲಿ ಪೋಲೆಂಡಿನಲ್ಲಿ ನಾಲ್ಕು ಕಾಲಿನ ಪ್ರಾಣಿಯ ಹೆಜ್ಜೆಗುರುತು ಅಂತ ಪ್ರಕಟವಾಯ್ತು, ಟಿಕ್ಟಾಲಿಕ್‌ಗಿಂತ ಕೋಟಿ ವರ್ಷಕ್ಕೂ ಮೇಲೆ ಹಳೇದು. ಮೊಮ್ಮಗ ಅಜ್ಜನಿಗಿಂತ ಮೊದಲು ಹುಟ್ಟಿದ್ದಾನೆ.

ಕೆರೆಮೀನು · 2:30

ಬಾಗಿಲ ಮಾತು ಒಪ್ಪಿದೆ. ಚಿಪ್ಪಿನ ವಿಷಯದಲ್ಲಿ ನಾನೂ ವಿಲಿಯಮ್ಸನ್ ಪಕ್ಷ ಅಲ್ಲ, ಊಟದ ಬಿಡುವು ಮುಗಿಯಿತು ಅಂತ ಅರ್ಧಕ್ಕೆ ನಿಲ್ಲಿಸಿದೆ.

ಮೊಮ್ಮಗ ಅಜ್ಜನ ಮಾತಿಗೆ ಮಾತ್ರ ಒಪ್ಪಲ್ಲ. ಟಿಕ್ಟಾಲಿಕ್ ಅಜ್ಜ ಅಂತ ಅದನ್ನ ಹುಡುಕಿದವರು ಹೇಳಿಲ್ಲ, ಆ ಮನೆತನದ ಒಬ್ಬ ಅಂದರು. ಒಂದು ಪ್ರಭೇದದ ಸಿಕ್ಕಿರೋ ಮೊದಲ ಪಳೆಯುಳಿಕೆ ಅಂದರೆ ಅದು ಹುಟ್ಟಿದ ದಿನ ಅಲ್ಲ, ಕೊನೆಯದು ಅಂದರೆ ಸತ್ತ ದಿನವೂ ಅಲ್ಲ. ಸೀಲಕ್ಯಾಂತ್ ಮೀನಿನ ಪಳೆಯುಳಿಕೆ 6.6 ಕೋಟಿ ವರ್ಷದ ಹಿಂದೆ ನಿಂತುಹೋಗುತ್ತೆ, 1938ರಲ್ಲಿ ದಕ್ಷಿಣ ಆಫ್ರಿಕಾದ ಮೀನುಗಾರರ ಬಲೆಗೆ ಜೀವಂತ ಬಿತ್ತು. ಪೋಲೆಂಡಿನ ಹೆಜ್ಜೆ ನಿಜವಾದ ಹೆಜ್ಜೆಯೇ ಅನ್ನೋ ವಾದವೂ ಇದೆ. ಹೆಜ್ಜೆಯೇ ಆದರೆ, ಕವಲು ಒಡೆದದ್ದು ನಾವಂದುಕೊಂಡಿದ್ದಕ್ಕಿಂತ ಹಿಂದೆ. ಕವಲೇ ಇಲ್ಲ ಅಂತ ಅಲ್ಲ.

ತಾರೀಕು ಕೆಲಸಕ್ಕೆ ಬರೋದನ್ನ ನೋಡಬೇಕಾದರೆ ವಿಕ್ಟೋರಿಯಾ ಸರೋವರ ನೋಡಿ. ತಳದ ಕೆಸರಿನ ಕಾರ್ಬನ್ ತಾರೀಕಿನ ಪ್ರಕಾರ ಅದು ಸುಮಾರು 15 ಸಾವಿರ ವರ್ಷದ ಹಿಂದೆ ಒಣಗಿ ಮತ್ತೆ ತುಂಬಿದೆ. ಆಮೇಲೆ ಅಲ್ಲಿ ಹುಟ್ಟಿದ ಸಿಕ್ಲಿಡ್ ಮೀನು ಹೆಚ್ಚು ಕಮ್ಮಿ 500 ಪ್ರಭೇದ. ಆ ಒಂದು ತಾರೀಕು ಇಲ್ಲದಿದ್ದರೆ ಇಷ್ಟು ಬೇಗ ಕವಲೊಡೆಯಬಹುದು ಅಂದರೆ ಯಾರೂ ನಂಬುತ್ತಿರಲಿಲ್ಲ. ಆಮೇಲೆ ಡಿಎನ್ಎ ನೋಡಿದವರು ಹೇಳಿದ್ದು, ಪ್ರಭೇದಗಳು ಹೊಸವು, ಅವುಗಳಲ್ಲಿ ಓಡಾಡೋ ಜೀನ್ ರೂಪಗಳು ಹಳೇವು, ಎರಡು ಹಳೇ ವಂಶ ಬೆರೆತದ್ದರಿಂದ ಬಂದ ಆಸ್ತಿ.

ಹಳೇ_ಸಿಲಬಸ್ · 5:20

ನಾನು ನಿವೃತ್ತ. ನಮ್ಮ ಕಾಲದಲ್ಲಿ ಮಾನವನ ಪೂರ್ವಜ ಯಾರು ಅಂದರೆ ರಾಮಾಪಿಥೆಕಸ್ ಅಂತ ಬರೆದರೆ ಒಂದು ಅಂಕ. ಶಿವಾಲಿಕ್ ಬೆಟ್ಟಗಳಲ್ಲಿ 1930ರ ದಶಕದಲ್ಲಿ ಸಿಕ್ಕ ದವಡೆ ಚೂರು, ಸುಮಾರು 1 ಕೋಟಿ 40 ಲಕ್ಷ ವರ್ಷ ಅಂತ ಆಗಿನ ಲೆಕ್ಕ, ನಮ್ಮ ದೇಶದ್ದು ಅಂತ ಹೆಮ್ಮೆ ಬೇರೆ. 1967ರಲ್ಲಿ ಸಾರಿಚ್ ಮತ್ತು ವಿಲ್ಸನ್ ರಕ್ತದ ಪ್ರೋಟೀನ್ ಹೋಲಿಸಿ, ಮನುಷ್ಯ ಮತ್ತು ಚಿಂಪಾಂಜಿ ಬೇರೆಯಾಗಿ ಬರೀ 50 ಲಕ್ಷ ವರ್ಷ ಆಗಿದೆ ಅಂದರು. ಹಾಗಿದ್ದರೆ ಅಷ್ಟು ಹಳೇ ರಾಮಾಪಿಥೆಕಸ್ ನಮ್ಮ ಸಾಲಿನವನಾಗೋಕೆ ಸಾಧ್ಯವಿಲ್ಲ. ಮೂಳೆಯವರು ನಕ್ಕರು. 1982ರಲ್ಲಿ ಪಾಕಿಸ್ತಾನದ ಪೋಟ್ವಾರ್‌ನಿಂದ ಶಿವಾಪಿಥೆಕಸ್ ಮುಖದ ಮೂಳೆ ಪ್ರಕಟವಾಯ್ತು, ನೋಡಿದರೆ ಥೇಟ್ ಒರಾಂಗುಟಾನ್. ರಾಮಾಪಿಥೆಕಸ್ ಬೇರೆ ಅಲ್ಲ, ಶಿವಾಪಿಥೆಕಸ್ಸೇ ಅಂತ ಒಳಗೆ ಸೇರಿಸಿ ಹೆಸರೇ ಅಳಿಸಿದರು.

ಪ್ರೋಟೀನ್ ಗಡಿಯಾರಕ್ಕೂ ಕೀಲಿ ಕೊಟ್ಟದ್ದು ಬೇರೆ ಪಳೆಯುಳಿಕೆಗಳ ತಾರೀಕೇ ಅನ್ನೋದು ತಮಾಷೆ. ನಾನಂತೂ ಆಮೇಲೂ ಐದಾರು ವರ್ಷ ಆ ಒಂದು ಅಂಕ ಕೊಡ್ತಾನೇ ಇದ್ದೆ, ಪುಸ್ತಕದಲ್ಲಿ ಹಾಗೇ ಇತ್ತಲ್ಲ.

ತಲೆಹರಟೆ · 5:31

ಆ ಒಂದು ಅಂಕದಿಂದ ಪಾಸಾದವನು ನಾನು. ವಾಪಸ್ ಕೇಳಬೇಡಿ ಸಾರ್.

ಪಿಯು_ಮೇಷ್ಟ್ರು · 8:47

ಕ್ಲಾಸಿನ ವರದಿ. ಕರಿಹಲಗೆ ಮೇಲೆ ಪದರ ಬರೆದು, ಬೂದಿ ಇಟ್ಟು, ಕೆಳಗೆ ಬುರುಡೆ ಇಟ್ಟು, 21 ಕೋಟಿಯಿಂದ ಶುರು ಮಾಡಿದೆ. ಯಾವ ಸಂಖ್ಯೆ ಸರಿ ಅಂತ ಹೇಳದೆ ಅವರನ್ನೇ ಕೇಳಿದೆ. ಅರ್ಧ ಕ್ಲಾಸು ಲ್ಯಾಬಿನ ಪಕ್ಷ, ಅರ್ಧ ಹಂದಿಯ ಪಕ್ಷ. ಪಕ್ಕದ ಕ್ಲಾಸಿನ ಮೇಡಂ ಬಂದು ಏನ್ರೀ ಗಲಾಟೆ ಅಂತ ಇಣುಕಿ ಹೋದರು. ಹೊಸ ಅಕ್ಕಿ ಹಳೇ ಅಕ್ಕಿ ಅಂದಾಗ ಎಲ್ಲರಿಗೂ ಅರ್ಥವಾಯ್ತು.

ಕೊನೇ ಬೆಂಚಿನವಳು ಸುಮ್ಮನೆ ಬರೆದುಕೊಳ್ತಾ ಇದ್ದಳು. ಬೆಲ್ ಆಗೋಕೆ ಎರಡು ನಿಮಿಷ ಇರುವಾಗ ಎದ್ದಳು. "ಸರ್, ಹಾಗಾದ್ರೆ ಓಮೊ ಹಂದಿಗೆ 20 ಲಕ್ಷ ಅಂತ ಯಾರು ಹೇಳಿದ್ದು?"

ಮತ್ತೆ ಬೆಲ್ಲೇ ಕಾಪಾಡಿತು.

ಆರ್ಗಾನ್_ಅಕ್ಕ · 9:30

ಓಮೊದಲ್ಲೂ ಬೂದಿ ಪದರಗಳಿವೆ ಸರ್, ಒಂದರ ಮೇಲೊಂದು, ಹಂದಿ ಹಲ್ಲು ಅವುಗಳ ಮಧ್ಯೆ ಮಧ್ಯೆ. ಅವನ್ನ ಬೇರೆ ತಂಡದವರು, ಬೇರೆ ಲ್ಯಾಬಿನಲ್ಲಿ, ಪೊಟ್ಯಾಸಿಯಂ-ಆರ್ಗಾನ್‌ನಿಂದಲೇ ಅಳೆದಿದ್ದರು. ಸಾಲದ್ದಕ್ಕೆ ಮಣ್ಣಿನ ಕಣಗಳಲ್ಲಿ ಭೂಮಿಯ ಕಾಂತಕ್ಷೇತ್ರ ತಿರುಗುಮುರುಗಾದ ಗುರುತುಗಳೂ ಇವೆ, ಅವನ್ನೂ ತಾಳೆ ನೋಡಿದ್ದರು. ಹಂದಿ ಸುಮ್ಮನೆ ಚೀಟಿ ಹೊತ್ತು ತಂದ ಆಳು, ಓಮೊದ ಬೂದಿ ಬರೆದ ಚೀಟಿಯನ್ನ ಕೂಬಿ ಫೋರಾಕ್ಕೆ.

ಅವಳು ಮುಂದೆ ಕೇಳೋದು ನನಗೆ ಈಗಲೇ ಗೊತ್ತು: ಅರ್ಧಾಯು ಕೋಟ್ಯಂತರ ವರ್ಷದಲ್ಲಿ ಬದಲಾಗಿಲ್ಲ ಅಂತ ಹೇಗೆ ಗೊತ್ತು? ಅದಕ್ಕೆ ಹೊಸ ಚರ್ಚೆ ತೆರೀರಿ, ಇಲ್ಲಿ ಜಾಗ ಸಾಲಲ್ಲ. ಮತ್ತೆ ಅವಳ ಹತ್ರ ಚಿಮಟ ಹಿಡಿಯೋ ತಾಳ್ಮೆ ಇದೆಯಾ ಅಂತ ಒಂದು ಸಲ ಕೇಳಿ ನೋಡಿ.